ಬನ್ನಿಗಿಡದ ಹಂತೇಕ ಹೊಳ್ರಿ

ನಳದ ನೀರು ಬಂದು ಹತ್ತು ನಿಮಿಷವಾಗಿತ್ತು. ಸುಧಾರಾಣಿ ಒಂದು ಬ್ಯಾರಲ್ಲಿನಿಂದ ಇನ್ನೊಂದಕ್ಕೆ ಪೈಪು ಬದಲಿಸುವಷ್ಟರಲ್ಲಿ ಒಳಗಿನಿಂದ ಅತ್ತೆ ಸಾವಂತ್ರವ್ವನ ದನಿ ಬಂತು.

"ಸುಧಾ, ಇನ್ನೂ ಸಾಮಾನ ಕೊಡಲೇನ ಬೇ?"

"ಕೊಡ್ರಿ ಅತ್ತಿ. ಇವತ್ತ ಬಿಟ್ರ ಮತ್ತ ಎಂಟ ದಿನ ನೀರಿಲ್ಲ."

ಸಾವಂತ್ರವ್ವ ಕೊಡ, ಚರಿಗೆ, ಹಾಲಿನ ಕ್ಯಾನು ಒಂದೊಂದಾಗಿ ತಂದು ಸಾಲು ಹಚ್ಚಿದಳು. ಕೊನೆಗೆ ಒಂದು ಹಿತ್ತಾಳೆಯ ಕುಟ್ಟಾಣಿ ತಂದು ಸಾಲಿನ ತುದಿಗೆ ಇಟ್ಟಳು. ಎಲೆ ಅಡಿಕೆ ಕುಟ್ಟುವ ಕುಟ್ಟಾಣಿ. ಗಟ್ಟಿ ಭಾರ, ಆದರೆ ಒಳಗೆ ಒಂದು ಗುಟುಕು ನೀರೂ ಹಿಡಿಯುವಂಥದ್ದಲ್ಲ.

"ಇದರಾಗ ಎಷ್ಟ ಹಿಡೀತೈತ್ರಿ ಅತ್ತಿ?"

"ನೀರು ತುಂಬಾಕ ತಂದಿಲ್ಲ. ನಿನ್ನ ಕಣ್ಣಿಗೆ ಬೀಳಲೆಂತ ತಂದೇನಿ. ಅಮೋಘಿಯ ಮೇಜಿನ ಮ್ಯಾಲ ಕುಂತಿತ್ತ ಇನ್ನೂ. ಜೈನಾಪುರದ ಆ ಮುದಿಕಿದಲ್ಲ ಇದು? ಎಲಿ ಕುಟ್ಟಲಾರದ ನಮಗ ಬೈಯಾಕತ್ತಿರತಾಳ ಆಕಿ."

ಸುಧಾರಾಣಿಯ ಗಂಡ ಅಮೋಘಿಯನ್ನು ಮಣ್ಣು ಮಾಡಿ ಹದಿಮೂರು ದಿನವಾಗಿತ್ತು. ನಿನ್ನೆ ಸಂಜೆ ಕೊನೆಯ ನೆಂಟರೂ ಬಸ್ಸು ಹತ್ತಿದ್ದರು. ಟಿಕೋಟಾದ ಈ ಬಾಡಿಗೆ ಮನೆಯಲ್ಲಿ ಈಗ ಅತ್ತೆ, ಸೊಸೆ ಇಬ್ಬರೇ. ಬೆಳಿಗ್ಗೆ ಸುಧಾರಾಣಿ ಚಹಾಕ್ಕೆ ಎರಡು ಕಪ್ಪು ನೀರಿಟ್ಟಳು. ಎಷ್ಟೋ ವರ್ಷದ ರೂಢಿಯ ಎರಡು ಕಪ್ಪು. ಅಳತೆ ತಪ್ಪಲಿಲ್ಲ, ಅವನ ಕಪ್ಪಿಗೆ ಈಗ ಅತ್ತೆ ಇದ್ದಳಲ್ಲ.

ಫೋನು ರಿಂಗಾಯಿತು. ವಿಜಯಪುರದಿಂದ ಸಂಗು. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಅವನ ಪ್ರಿಂಟಿಂಗ್ ಪ್ರೆಸ್ಸು. ಅಮೋಘಿಯ ಜೊತೆ ಒಂದೇ ಬೆಂಚಿನ ಮೇಲೆ ಕೂತು ಕಲಿತವನು.

"ವೈನಿ, ನೀರು ಬಂದಾವೇನ? ಸಪ್ಪಳ ಕೇಳಾಕತ್ತೈತಿ."

"ಬಂದಾವು. ಹೇಳು ಸಂಗು."

"ಕೇಳಬಾರದಂತ ಇಷ್ಟ ದಿನ ಸುಮ್ಮನಿದ್ದೆ. ಕಾಗದ ಬಂದು ಬಿದ್ದೈತಿ. ಮುಂದಿನ ವಾರ ಮದವಿ ಕಾರ್ಡಿನ ಗದ್ಲ ಸುರು ಆದ್ರ ನಾ ನನಗೇ ಸಿಗಂಗಿಲ್ಲ. ಇವತ್ತ ಸಂಜಿ ಒಳಗ ಒಂದ ಮಾತ ಹೇಳ್ರಿ, ಪುಸ್ತಕ ಮೊದಲ ಹಚ್ಚತೀನಿ. ಬೇಸ್ ಮ್ಯಾಪ್ ಯಾವ್ದು? ನಿಮ್ಮದೋ, ಅವಂದೋ?"

ನೀರು ಬ್ಯಾರಲ್ಲು ತುಂಬಿ ಹೊರಗೆ ಹರಿಯತೊಡಗಿತು. ಸುಧಾರಾಣಿ ಪೈಪು ಎತ್ತಲಿಲ್ಲ.

ಎರಡು ವರ್ಷದ ರವಿವಾರಗಳೆಲ್ಲ ಆ ಪುಸ್ತಕಕ್ಕೆ ಹೋಗಿದ್ದವು. ಟಿಕೋಟಾದಿಂದ ಬಬಲೇಶ್ವರದವರೆಗಿನ ಮೂವತ್ತೆರಡು ಹಳ್ಳಿಗಳ ಅಟ್ಲಾಸ್. ಹಳ್ಳಿಯವರೇ ಹೇಳಿದ್ದು, ಹಳ್ಳಿಯವರಿಗಾಗಿಯೇ ಮಾಡಿದ್ದು. ಯಾವ ಬಾವಿಯ ನೀರು ಸಿಹಿ, ಕುರಿಗಳನ್ನು ಯಾವ ತಿಂಗಳು ಎಲ್ಲಿ ತರುಬಿ ನಿಲ್ಲಿಸುತ್ತಾರೆ, ಹಾವು ಕಡಿದರೆ ಮೊದಲು ಯಾರ ಮನೆಯ ಗಾಡಿ ಕೇಳಬೇಕು, ಎಲ್ಲವೂ ಅದರಲ್ಲಿ. ಆದರೆ ಅಷ್ಟೆಲ್ಲವನ್ನೂ ಬರೆಯಲು ಪ್ರತಿ ಪುಟದ ಕೆಳಗೂ ಒಂದು ನಕ್ಷೆ ಹಾಸಬೇಕಲ್ಲ. ಅಮೋಘಿ ಅದನ್ನು "ಹಾಸಿಗಿ" ಎನ್ನುತ್ತಿದ್ದ. ಸುಧಾರಾಣಿ ಭೂಗೋಳದಲ್ಲಿ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವವಳು. ಅವಳ ಹಾಸಿಗೆ ಆಕಾಶದಿಂದ ತೆಗೆದ ಉಪಗ್ರಹದ ಚಿತ್ರ. ಅಳತೆಯಲ್ಲಿ ಒಂದು ಮೀಟರು ಆಚೀಚೆ ಇಲ್ಲ. ಅಮೋಘಿ ಹೈಸ್ಕೂಲಿನ ಚಿತ್ರಕಲೆಯ ಮಾಸ್ತರ. ಅವನ ಹಾಸಿಗೆ ಮಂದಿಯ ಬಾಯಿಂದ ಕೇಳಿ ಕೈಯಿಂದ ಬರೆದದ್ದು. ಹಳ್ಳ, ಬಂಡಿದಾರಿ, ಬಾವಿ, ಗಿಡ.

ಯಾವುದೆಂದು ಇಬ್ಬರೂ ಕೂಡಿ ಒಂದು ಮಾತಿಗೆ ಬಂದಿರಲಿಲ್ಲ. ಬರುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ.

"ಸಂಜಿಗೆ ಹೇಳ್ತೇನಿ," ಎಂದಳು.

*

ಅಮೋಘಿಯ ಮಣ್ಣು ಕನಮಡಿಯ ಹೊಲದಲ್ಲೇ ಆಗಬೇಕೆಂದು ಸಾವಂತ್ರವ್ವ ಹೇಳಿದ್ದಳು. ಅವನ ಅಪ್ಪನೂ ಅಲ್ಲೇ ಇದ್ದ. ಮೂವತ್ತೆರಡು ಹಳ್ಳಿಗೆ ಸುದ್ದಿ ಮುಟ್ಟಿಸುವ ಕೆಲಸ ಸಂಗುವಿನ ಪಾಲಿಗೆ ಬಂತು. ಹೊಲಕ್ಕೆ ದಾರಿ ತೋರಿಸಬೇಕು. ಅವನ ಕಂಪ್ಯೂಟರಿನಲ್ಲಿ ಮೊದಲೇ ಕಳಿಸಿದ್ದ ಎರಡೂ ನಕ್ಷೆಗಳಿದ್ದವು. ಅಳುತ್ತ ಕೂತವನಿಗೆ ಯಾವುದೆಂದು ಆರಿಸುವ ತ್ರಾಣ ಎಲ್ಲಿಂದ ಬರಬೇಕು? ಎರಡರ ಮೇಲೂ ಹೊಲದ ಜಾಗಕ್ಕೆ ಒಂದು ಕೆಂಪು ಚುಕ್ಕೆ ಇಟ್ಟು, ಎರಡನ್ನೂ ಎಲ್ಲರ ಫೋನಿಗೆ ಕಳಿಸಿಬಿಟ್ಟ. ತಿಳಿದವರು ತಿಳಿದದ್ದನ್ನು ನೋಡಿಕೊಂಡು ಬರಲಿ ಎಂದು.

ಅಂದು ಹನ್ನೊಂದು ಗಂಟೆಗೆ ಹೊಲದಲ್ಲಿ ಕುಣಿ ತಯಾರಾಗಿತ್ತು. ಜನ ಮಾತ್ರ ಅರ್ಧ ಬಂದಿದ್ದರು. ಬಂದವರೆಲ್ಲ ಐವತ್ತು ದಾಟಿದವರು. ರುಮಾಲಿನವರು, ಕಂಬಳಿಯವರು, ಕೋಲು ಊರಿದವರು.

ಸುಧಾರಾಣಿ ಬೇವಿನ ಗಿಡದ ಕೆಳಗೆ ಹೆಂಗಸರ ನಡುವೆ ಕೂತಿದ್ದಳು. ಹಿಂದಿನ ದಿನದಿಂದ ಅವಳಿಗೆ ಅಳು ಬಂದಿರಲಿಲ್ಲ. ಕೈಕಾಲುಗಳು ಯಾರದೋ, ತಾನು ಅವನ್ನು ಕಾಯಲು ಕೂತವಳು ಎಂಬಂತಿತ್ತು. ಎದುರಿಗೆ ಅಮೋಘಿ, ಅವ್ವನ ಹಳೆಯ ಕೌದಿಗೆ ಆತುಕೊಂಡು, ಹಣೆಗೆ ಭಂಡಾರ ಹಚ್ಚಿಸಿಕೊಂಡು ಕೂತಿದ್ದ. ರೂಢಿಯಂತೆ ಹೆಣವನ್ನು ಕೂಡಿಸಿದವರು ಯಾರೋ ಜೇಬಿನ ಪೆನ್ಸಿಲ್ಲು ತೆಗೆಯುವುದನ್ನು ಮರೆತಿದ್ದರು.

"ಅಯ್ಯಾವ್ರು ಎಲ್ಲಿ ಉಳದ್ರು?" ಸಾವಂತ್ರವ್ವ ಕೇಳಿದಳು. "ಅವರು ಬರಲಾರದ ಮುಂದಿನ ಕೆಲಸ ಹೆಂಗ?"

ಅಮೋಘಿಯ ಚಿಕ್ಕಪ್ಪನ ಮಗ ಶಿವಾಜಿ, ಮಣ್ಣಿನ ಮಂತ್ರ ಹೇಳಬೇಕಾದ ಗುರುಪಾದಯ್ಯನವರಿಗೆ ಫೋನು ಹಚ್ಚಿದ. ಅವರ ದನಿ ಫೋನಿನಲ್ಲೂ ಬಂತು, ಗಾಳಿಯಲ್ಲೂ ಬಂತು.

"ನಾ ಕೆಂಪ ಚುಕ್ಕಿ ಹಂತೇಕ ಬಂದು ಅರ್ಧ ತಾಸ ಆತಲೇ! ನಿಮ್ಮ ಬೇವಿನ ಗಿಡ ಕಾಣಾಕತ್ತೈತಿ. ನೀನೂ ಕಾಣಾಕತ್ತಿ. ನಡುವ ಒಂದು ಹಳ್ಳ ಐತಿ. ಇದನ್ನ ನಕಾಶ್ಯಾಗ ಯಾರೂ ಹಾಕಿಲ್ಲ!"

ಎಲ್ಲರೂ ಎದ್ದು ನಿಂತು ನೋಡಿದರು. ಹಳ್ಳದ ಆಚೆ ದಡದಲ್ಲಿ ಒಂದು ಜೀಪು, ಎರಡು ಟೆಂಪೊ, ಹತ್ತಿಪ್ಪತ್ತು ಮೋಟರ್ ಸೈಕಲ್ಲು, ಅರವತ್ತು ಮಂದಿ. ಎಲ್ಲರೂ ತರುಣರೇ, ಎಲ್ಲರ ಕೈಯಲ್ಲೂ ಫೋನು. ನಡುವೆ ಬಿಳಿ ಧೋತರದ ಗುರುಪಾದಯ್ಯನವರು ಕೈ ಬೀಸುತ್ತಿದ್ದರು.

ಸುಧಾರಾಣಿಗೆ ಒಮ್ಮೆಲೇ ತಿಳಿಯಿತು. ಮೋಡವಿಲ್ಲದ ಚಿತ್ರ ಬೇಕೆಂದು ಏಪ್ರಿಲ್ ತಿಂಗಳದ್ದನ್ನು ಆರಿಸಿದವಳು ಅವಳೇ. ಏಪ್ರಿಲ್ ತಿಂಗಳಲ್ಲಿ ಆ ಹಳ್ಳ ಹಳ್ಳವಲ್ಲ, ಎರಡು ಸಾಲು ಜಾಲಿಕಂಟಿ. ಈಗ ಎಂಟು ದಿನ ಮಳೆ ಹೊಡೆದು ಸೊಂಟದವರೆಗೆ ನೀರು. ಒಂದು ಮೀಟರೂ ಆಚೀಚೆ ಇಲ್ಲದ ಅವಳ ನಕ್ಷೆ ಅರವತ್ತು ಮಂದಿಯನ್ನು ತಂದು ತಪ್ಪು ದಡದಲ್ಲಿ ನಿಲ್ಲಿಸಿತ್ತು.

"ಸುತ್ತ ಹಾಕಿ ಬರ್ರಿ, ಎಂಟ ಕಿಲೋಮೀಟರ ಆಗತೈತಿ," ಎಂದು ಶಿವಾಜಿ ಕೂಗಿದ.

"ಎಂಟ ಕಿಲೋಮೀಟರ ಹೋಗಿ ಬರೂದ್ರಾಗ ಹೊತ್ತ ಮೀರತೈತಿ. ನೀನೇ ಬಂದು ಒಯ್ಯಿ!"

ಶಿವಾಜಿ ಧೋತರ ಮೇಲೆ ಕಟ್ಟಿ ನೀರಿಗಿಳಿದ. ಕುರಿಮರಿಗಳನ್ನು ಹೆಗಲ ಮೇಲೆ ಹೊತ್ತು ಹಳ್ಳ ದಾಟಿಸುವುದು ಅವನಿಗೆ ದಿನದ ಕೆಲಸ. ಆದರೆ ಗುರುಪಾದಯ್ಯನವರು ಕುರಿಮರಿಯಾಗಿರಲಿಲ್ಲ. ಒಂದು ಕೈಯಲ್ಲಿ ಶಂಖ, ಇನ್ನೊಂದರಲ್ಲಿ ಚಪ್ಪಲಿ, ಬಗಲಲ್ಲಿ ಜೋಳಿಗೆ ಹಿಡಿದು ಅವರು ಶಿವಾಜಿಯ ಹೆಗಲೇರಿದರು. ನಡು ನೀರಿನಲ್ಲಿ ಶಿವಾಜಿಯ ಕಾಲು ಜಾರಿತು.

"ಹಗೂರಕ ಲೇ!" ಅಯ್ಯನವರ ಕೂಗು ಎರಡೂ ದಡಕ್ಕೆ ಕೇಳಿತು. "ಹೆಣ ಆ ಕಡೆ ಐತಿ. ನಾ ಅಲ್ಲ!"

ಸುಧಾರಾಣಿಯ ಗಂಟಲಿನಿಂದ ಒಂದು ಸಪ್ಪಳ ಬಂತು. ಪಕ್ಕದ ಹೆಂಗಸರು ಅವಳು ಅಂತೂ ಅತ್ತಳು ಎಂದು ಹಿಡಿದುಕೊಂಡರು. ಅದು ನಗೆ. ಬಾಯಿಗೆ ಸೆರಗು ಒತ್ತಿದಷ್ಟೂ ನಿಲ್ಲಲಿಲ್ಲ. ಹೆದರಿ ಅತ್ತೆಯ ಕಡೆ ನೋಡಿದಳು. ಸಾವಂತ್ರವ್ವನ ಹೆಗಲುಗಳೂ ಅಲುಗುತ್ತಿದ್ದವು.

"ಅಂವ ಇದನ್ನ ನೋಡಬೇಕಿತ್ತ ಬೇ," ಎಂದಳು ಸಾವಂತ್ರವ್ವ, ಮಗನ ಕಡೆಗೆ ಬೆರಳು ಮಾಡಿ. "ಎದ್ದ ಕುಣೀತಿದ್ದ."

ಇಷ್ಟಾಗುವಾಗ ಸುಧಾರಾಣಿಯ ಕಾಲೇಜಿನ ನಂದಾ ಮೇಡಂ ಮತ್ತು ಆರು ಹುಡುಗಿಯರು ಹೊಲದ ಬದುವಿನ ಮೇಲೆ ಏದುಸಿರು ಬಿಡುತ್ತ ಬಂದರು. ಅವರು ನೋಡಿದ್ದು ಅಮೋಘಿಯ ನಕ್ಷೆ. ಹಳ್ಳದ ಈ ಕಡೆಗೇ ಬಂದಿದ್ದರು, ಆದರೆ ಒಂದು ತಾಸು ತಡವಾಗಿ.

"ಸಿಟ್ಟಾಗಬ್ಯಾಡ ಸುಧಾ," ನಂದಾ ಅವಳ ಕೈ ಹಿಡಿದು ಪಿಸುಗುಟ್ಟಿದಳು. "ಬನ್ನಿಗಿಡದ ಹಂತೇಕ ಎಡಕ್ಕ ಹೊಳ್ಳಬೇಕಂತ ಇತ್ತು. ಮೂರ ಸಲ ಹಿಂದ ಮುಂದ ಅಡ್ಡಾಡಿದ್ವಿ. ಬನ್ನಿಗಿಡಾನ ಇಲ್ಲ. ಕಡೀಕ ಒಬ್ಬ ಕುರಿ ಕಾಯೂ ಅಜ್ಜನ್ನ ಕೇಳಿದೆ. 'ಅದರ ಬುಡದಾಗ ನಿಂತು ಅದನ್ನೇ ಕೇಳತೀಯಲ್ಲವ್ವ' ಅಂದ. ಮ್ಯಾಲ ನೋಡಿದೆ. ಬರೇ ಆಕಾಶ."

"ಬಿದ್ದು ಮೂರ ವರ್ಷ ಆಗೈತಿ," ಎಂದಳು ಸುಧಾರಾಣಿ.

"ಮತ್ತ ಗಿಡಾ ಎಲ್ಲೈತೋ ಅಜ್ಜಾ ಅಂದ್ರ, 'ಗಿಡ ಬಿದ್ದೈತಿ. ಬನ್ನಿಗಿಡ ಇದೇ' ಅಂತಾನ!"

ಕೇಳಿದ ಮುದುಕರಿಗೆ ಇದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. "ಮತ್ತೇನಂತಾರ ಅದಕ್ಕ?" ಎಂದು ಒಬ್ಬ ಕೇಳಿದ. ಅವರೆಲ್ಲ ನೆಟ್ಟಗೆ ಬಂದವರು.

ಆಗಲೇ ಶಂಕ್ರೆವ್ವ ಬಂದದ್ದು. ಜೈನಾಪುರದಿಂದ ಎರಡು ಬಸ್ಸು ಬದಲಿಸಿ, ಯಾವ ಫೋನೂ ಯಾವ ನಕ್ಷೆಯೂ ಇಲ್ಲದೆ, ಎಪ್ಪತ್ತೆಂಟರ ಮುದುಕಿ ಒಬ್ಬಳೇ. ಬಂದವಳೇ ಅಮೋಘಿಯ ಎದುರು ಕುಕ್ಕರಿಸಿ, ಗದ್ದಕ್ಕೆ ಕೈ ಹಚ್ಚಿ, ಹಾಡಿಕೊಂಡು ಅಳತೊಡಗಿದಳು. ಆ ಕಡೆ ಹೆಂಗಸರು ಅಳುವುದೇ ಹಾಗೆ. ಸತ್ತವರಿಗೆ ಹೇಳುವುದನ್ನೆಲ್ಲ ಒಂದು ಧಾಟಿಯಲ್ಲಿ ಹೇಳಿ ಮುಗಿಸುತ್ತಾರೆ.

"ಬೀಗರು ಬಂದ್ರ ಹೆಂಗ ಬರತಾರ ಅಂತ ಕೇಳಿದೆಲ್ಲೋ ನನ್ನಪ್ಪಾ,
ನಾ ಹೇಳಿದ ಹಾದೀನ ಬರಕೊಂಡೆಲ್ಲೋ ನನ್ನ ಮಾಸ್ತರಾ,
ನಾಳಿ ಕೊಡತೀನಂತ ಒಯ್ದೆಲ್ಲೋ ನನ್ನ ಕುಟ್ಟಾಣಿ,
ನಾಕ ತಿಂಗಳಾತಲ್ಲೋ, ಇಡೀ ಅಡಕಿ ನುಂಗಾಕತ್ತೇನಲ್ಲೋ ಯಪ್ಪಾ..."

ಹೆಂಗಸರು ಮುಖ ಮುಖ ನೋಡಿಕೊಂಡರು. ಧಾಟಿ ಎಲ್ಲೂ ಮುರಿದಿರಲಿಲ್ಲ. ಕಣ್ಣೀರು ಖರೆ ಕಣ್ಣೀರು. ಶಂಕ್ರೆವ್ವ ಸೊಂಟಕ್ಕೆ ಸಿಗಿಸಿದ್ದ ಕುಟ್ಟಾಣಿಯ ಕಬ್ಬಿಣದ ಕಡ್ಡಿ ತೆಗೆದು ಅಮೋಘಿಗೆ ತೋರಿಸಿ, ಇನ್ನೊಂದು ನುಡಿ ಶುರು ಮಾಡಿದಳು.

*

ಅದಕ್ಕೆ ನಾಲ್ಕು ತಿಂಗಳ ಹಿಂದೆ, ಜೂನ್ ತಿಂಗಳ ಗಾಳಿಯಲ್ಲಿ, ಜೈನಾಪುರದ ಗುಡಿಕಟ್ಟೆಯ ಮೇಲೆ ಅಮೋಘಿ ನಕ್ಷೆ ಹಾಸಿದ್ದ. ಯಾವ ಹಾಸಿಗೆ ಜನಕ್ಕೆ ಒಗ್ಗುತ್ತದೆಂದು ನೋಡಲು ಅವನು ಊರೂರಿಗೆ ಮೂರು ನಕ್ಷೆ ಒಯ್ಯುತ್ತಿದ್ದ. ಎಲ್ಲರಿಗೂ ಒಂದೇ ಪ್ರಶ್ನೆ.

"ನಾಳಿ ನಿಮ್ಮನಿಗೆ ಬೀಗರು ಬರತಾರ. ಫೋನಿಲ್ಲ. ಹೆಂಗ ಬರ್ರಿ ಅಂತ ಹೇಳಿ ಕಳಸ್ತೀರಿ?"

ಮೊದಲು ಹಾಸಿದ್ದು ಸರ್ವೆ ನಂಬರಿನ ನಕ್ಷೆ. ಹೊಲ ಹೊಲದ ಗಡಿ ಗೆರೆಗಳಿದ್ದ ನಕ್ಷೆ. ಅಲ್ಲೇ ಎಡವಟ್ಟಾಯಿತು. ಇಬ್ಬರು ಅಣ್ಣತಮ್ಮರು ಬೀಗರನ್ನೂ ದಾರಿಯನ್ನೂ ಬಿಟ್ಟು ತಮ್ಮ ನಡುವಿನ ಬದು ಹುಡುಕತೊಡಗಿದರು.

"ನೋಡಲೇ, ನಕಾಶಿನ ಹೇಳತೈತಿ. ನಿನ್ನ ಬದು ನನ್ನ ಹೊಲದಾಗ ಐತಿ."

"ನಿನ್ನ ನಕಾಶಿಗೆ ಕಣ್ಣಿಲ್ಲ!"

ಒಬ್ಬ ಇನ್ನೊಬ್ಬನ ಕೊರಳಪಟ್ಟಿ ಹಿಡಿದ. ಊರೇ ಎರಡು ಭಾಗವಾಗಿ ನಿಂತಿತು. ಶಂಕ್ರೆವ್ವ ಎಲೆ ಕುಟ್ಟುತ್ತ ಕಟ್ಟೆಯ ತುದಿಗೆ ಕೂತಿದ್ದವಳು ಎದ್ದು ಬಂದು, ನಕ್ಷೆಯ ನಟ್ಟನಡುವೆ, ಆ ಬದುವಿನ ಮೇಲೆಯೇ ಕೂತುಬಿಟ್ಟಳು.

"ಈಗ ಅಳೀರಿ ನೋಡೂನು," ಎಂದಳು.

ಅಣ್ಣತಮ್ಮರೂ ನಕ್ಕರು. ಗಾಳಿ ನಕ್ಷೆಯ ಒಂದು ಮೂಲೆ ಎತ್ತಿತು. ಶಂಕ್ರೆವ್ವ ಕೂತಲ್ಲಿಂದಲೇ ತನ್ನ ಕುಟ್ಟಾಣಿಯನ್ನು ಆ ಮೂಲೆಯ ಮೇಲೆ ಕುಕ್ಕಿದಳು. ಮೂಲೆ ಆಮೇಲೆ ಮಿಸುಕಲಿಲ್ಲ. ಎರಡು ವರ್ಷ ಕಲ್ಲು, ಚಪ್ಪಲಿ, ತಂಬಿಗೆ ಇಟ್ಟು ಗಾಳಿಯೊಂದಿಗೆ ಗುದ್ದಾಡಿದ್ದ ಅಮೋಘಿ ಕುಟ್ಟಾಣಿಯನ್ನು ಆಸೆಯಿಂದ ನೋಡಿದ.

"ಆಯಿ, ಇದನ್ನ ನನಗ ಕೊಡ್ತೀರೇನು? ನಾಳಿ ತಂದ ಕೊಡ್ತೇನಿ."

"ನಿನ್ನ ನಾಳಿ ಯಾವಾಗ ಬರತೈತೋ?"

"ಹಾಸಿಗಿ ಯಾವ್ದಂತ ನಿಕ್ಕಿ ಆದ ದಿನ. ಅವತ್ತ ನಿಮ್ಮ ಕುಟ್ಟಾಣಿ ನಿಮ್ಮ ಕೈಯಾಗ."

"ಒಯ್ಯಿ. ಕಡ್ಡಿ ನನ್ನ ಕಡೆ ಇರತೈತಿ. ಕಡ್ಡಿ ಇಲ್ಲಂದ್ರ ನೀ ಅದನ್ನ ಇಟಗೊಂಡು ಏನ್ ಮಾಡ್ತಿ?"

ಬಸ್ಸಿನಲ್ಲಿ ಮರಳುವಾಗ ಅಮೋಘಿ ಸರ್ವೆ ನಕ್ಷೆಯನ್ನು ಸುತ್ತಿ ಸೀಟಿನ ಕೆಳಗೆ ತಳ್ಳಿದ. "ಇದು ಹಾಸಿಗಿ ಅಲ್ಲ ಸುಧಾ, ಅಖಾಡ," ಎಂದ. ಉಳಿದದ್ದು ಎರಡು. ಒಂದು ಅವಳದು, ಒಂದು ಅವನದು.

*

ಶಂಕ್ರೆವ್ವನ ಅಳು ಮುಗಿಯುವವರೆಗೆ ಸುಧಾರಾಣಿ ಕಾದಳು. ಆಮೇಲೆ ಅವಳ ಬಳಿ ಸರಿದು ಕೂತಳು.

"ಕುಟ್ಟಾಣಿ ನನ್ನ ಕಡೆ ಐತಿ ಆಯಿ. ಮನ್ಯಾಗ ಐತಿ. ನಾಳೆನ ಕಳಸ್ತೇನಿ."

ಶಂಕ್ರೆವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಹಾಸಿಗಿ ನಿಕ್ಕಿ ಆತೇನ?"

"ಇಲ್ಲ."

"ಮತ್ತ? ಅಂವ ಏನಂದಿದ್ದ? ನಿಕ್ಕಿ ಆದಮ್ಯಾಲ ಅಂದಿದ್ದ. ಹಂಗ ಸುಮ್ಮನ ನಾ ಇಸಗೊಳ್ಳಂಗಿಲ್ಲ. ನಿಕ್ಕಿ ಮಾಡು, ತಗೊಂಡ ಬಾ. ಆದ್ರ ಲಗೂನ ಮಾಡವ್ವ, ನಾನೂ ಹಾದಿ ಮ್ಯಾಲ ಅದೀನಿ."

ಗುರುಪಾದಯ್ಯನವರು ಒದ್ದೆ ಧೋತರದಲ್ಲೇ ನಿಂತು ಮಂತ್ರ ಹೇಳಿದರು. ಶಂಖದೊಳಗೆ ನೀರು ಹೋಗಿತ್ತು; ಮೊದಲ ಊದಿಗೆ ಗುಳುಗುಳು ಎಂದಿತು. ಆಚೆ ದಡದ ಅರವತ್ತು ಮಂದಿಯೂ ಕೈ ಕೈ ಹಿಡಿದು, ಪ್ಯಾಂಟು ಮಡಚಿ, ಹಳ್ಳ ದಾಟಿ ಬಂದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಕೊಟ್ಟರು. ಮಣ್ಣು ಕೊಟ್ಟು ಬಂದವರು ಬೇವಿನ ಗಿಡದ ಕೆಳಗೆ ಗುಂಪುಗುಂಪಾಗಿ ಕೂತು, ಅಮೋಘಿ ಮಾಸ್ತರ ತಮ್ಮೂರಿಗೆ ಬಂದಾಗ ತಾವು ಬೀಗರಿಗೆ ಯಾವ ದಾರಿ ಹೇಳಿದ್ದೆವೆಂದು ಒಬ್ಬರಿಗೊಬ್ಬರು ಹೇಳತೊಡಗಿದರು. ನಿಮ್ಮ ದಾರಿ ಸುತ್ತು, ನಮ್ಮದೇ ಸಮೀಪ ಎಂಬ ವಾದ ಎದ್ದಿತು. ಅಳುವವರ ದನಿಗಿಂತ ವಾದಿಸುವವರ ದನಿ ಜೋರಾಯಿತು.

ಕೊನೆಗೆ ಬಂದವನು ಯುನುಸ. ಕನಮಡಿ-ವಿಜಯಪುರ ಬಸ್ಸಿನ ಕಂಡಕ್ಟರ್. ಅವನು ದೂರದಲ್ಲೇ ನಿಂತಿದ್ದ. ಬಗಲಲ್ಲಿ ಒಂದು ಕಾಗದದ ಸುರುಳಿ.

"ಅಕ್ಕಾರ, ಇದು ಸರ್ ಅವರ ಕೈಯಾಗ ಇತ್ತು. ಬಸ್ಸಿನ್ಯಾಗ. ಯಾರಿಗೂ ಕೊಡಲಿಲ್ಲ, ನಿಮಗ ಕೊಡಬೇಕಂತ."

ಸುಧಾರಾಣಿ ಎರಡೂ ಕೈ ಚಾಚಿ ತೆಗೆದುಕೊಂಡಳು.

"ಟಿಕೋಟಾದಾಗ ಹತ್ತಿದವರು ಕುಂತಕೂಡ್ಲೇ ಬಿಚ್ಚಿ ಏನೋ ಬರಿಯಾಕತ್ತಿದ್ರು. 'ಯುನುಸ, ನಿಮ್ಮ ಡ್ರೈವರ ಸಾಹೇಬ್ರಿಗೆ ಹೇಳಪಾ, ಐದು ನಿಮಿಷ ತಗ್ಗು ತಪ್ಪಿಸಲಿ' ಅಂದ್ರು. 'ತಗ್ಗು ತಪ್ಪಿಸಿದ್ರ ರಸ್ತೇನ ಉಳಿಯಂಗಿಲ್ರಿ ಸರ್' ಅಂದೆ. ನಕ್ಕರು, ಭಾಳ ನಕ್ಕರು. ಆಮ್ಯಾಲ ನೋಡಿದ್ರ ಸುರುಳಿ ಸುತ್ತಿ ಎದಿಗೆ ಹಿಡಕೊಂಡು ಮಲಗಿದ್ರು. ನಿದ್ದಿ ಅಂತ ತಿಳದು, ಬಸ್ ಸ್ಟ್ಯಾಂಡಿನ ತನಕ ಎಬ್ಬಿಸಲಿಲ್ಲ. ಎಬ್ಬಿಸಬೇಕಿತ್ತೇನ್ರಿ ಅಕ್ಕಾರ?"

"ಇಲ್ಲ ಯುನುಸ. ಹೃದಯ ನಿಂತಿತ್ತಂತ ಡಾಕ್ಟರು ಹೇಳ್ಯಾರ. ಒಳ್ಳೇದ ಮಾಡಿದಿ. ಮಲಗಾಕ ಬಿಟ್ಟಿ."

ಅವನು ಹೋದ ಮೇಲೆ ಅವಳು ಸುರುಳಿಯ ಕಟ್ಟು ಮುಟ್ಟಲಿಲ್ಲ.

*

ಹದಿಮೂರು ದಿನವೂ ಮುಟ್ಟಲಿಲ್ಲ. ಅವನು ಬಸ್ಸು ಹತ್ತಿದ ಆ ಬೆಳಿಗ್ಗೆ ಏನಾಗಿತ್ತೆಂದು ಅವಳಿಗಷ್ಟೇ ಗೊತ್ತಿತ್ತು.

ಅಮೋಘಿ ಬೂಟು ಕಟ್ಟುತ್ತಿದ್ದ. ಎರಡೂ ಕರಡುಗಳನ್ನು ಸಂಗುವಿಗೆ ತೋರಿಸಿ ಬರುವುದಿತ್ತು. ಮೇಜಿನ ಮೇಲೆ ಅವನ ನಕ್ಷೆ ಹಾಸಿತ್ತು, ಮೂಲೆಗೆ ಕುಟ್ಟಾಣಿ. ಸುಧಾರಾಣಿ ರಬ್ಬರು ತೆಗೆದುಕೊಂಡು ಬನ್ನಿಗಿಡವನ್ನು ಅಳಿಸಿಬಿಟ್ಟಳು.

"ಏ, ಏ, ಏನ್ ಮಾಡಾಕತ್ತಿ?"

"ಇಲ್ಲದ ಗಿಡ ಯಾಕಿರಬೇಕ್ರಿ ಇಲ್ಲಿ? ನಾಳೆ ನನ್ನ ಹುಡುಗ್ಯಾರ ಇದನ್ನ ನೋಡಿ ಗಿಡ ಹುಡಕತಾರ. ನಕ್ಷೆ ಸುಳ್ಳು ಹೇಳಬಾರದು."

"ನನ್ನವ್ವಗ ಕೇಳು, ಎಲ್ಲಿ ಹೊಳ್ಳತಾಳ ಅಂತ."

"ಅತ್ತಿಗೆ ನಕ್ಷೆ ಬೇಕಾಗಿಲ್ಲ."

ಅವನು ಒಂದು ಗಳಿಗೆ ಅವಳನ್ನು ನೋಡಿ ನಕ್ಕ. ಉತ್ತರ ಇದೆ, ಆದರೆ ಈಗ ಹೇಳುವುದಿಲ್ಲ ಎನ್ನುವ ನಗೆ. ರಬ್ಬರಿನ ಚೂರು ಊದಿ, ಎರಡೂ ಹಾಳೆ ಸುತ್ತಿ, ಬಸ್ಸಿಗೆ ಓಡಿದ. ಆ ಉತ್ತರ ಏನಿತ್ತೆಂದು ಅವಳು ಹದಿಮೂರು ದಿನ ಯೋಚಿಸಿದ್ದಳು. ಸುರುಳಿ ಬಿಚ್ಚಿದರೆ ಅಲ್ಲಿ ತಾನು ಅಳಿಸಿದ ಬಿಳಿ ಜಾಗ ಹಾಗೇ ಇರುತ್ತದೆಂಬ ಹೆದರಿಕೆಗೆ ಬಿಚ್ಚಿರಲಿಲ್ಲ. ಇಬ್ಬರ ನಡುವಿನ ಕೊನೆಯ ಕೆಲಸ ಒಂದು ಅಳಿಸುವಿಕೆ ಎಂದು ನೋಡಿ ಖಾತ್ರಿ ಮಾಡಿಕೊಳ್ಳುವುದು ಅವಳಿಗೆ ಬೇಡವಾಗಿತ್ತು.

ಈಗ ನೀರು ತುಂಬಿ ಮುಗಿದಿತ್ತು. ಸುಧಾರಾಣಿ ಒದ್ದೆ ಕೈ ಒರೆಸಿಕೊಂಡು, ಸಾಲಿನ ತುದಿಯ ಕುಟ್ಟಾಣಿ ಎತ್ತಿಕೊಂಡು ಮೇಜಿನ ಬಳಿ ಬಂದಳು. ಕಟ್ಟು ಬಿಚ್ಚಿ ಅಮೋಘಿಯ ಹಾಳೆ ಹಾಸಿದಳು. ಮೂರು ಮೂಲೆಗೆ ಪುಸ್ತಕ, ನಾಲ್ಕನೆಯದಕ್ಕೆ ಕುಟ್ಟಾಣಿ.

ಬನ್ನಿಗಿಡ ಇತ್ತು.

ಅದೇ ಜಾಗದಲ್ಲಿ, ಬಸ್ಸಿನ ಕುಲುಕಾಟಕ್ಕೆ ಒಂದೆರಡು ಕಡೆ ಅಡ್ಡಾದಿಡ್ಡಿಯಾಗಿ. ಅವಳು ಬಗ್ಗಿ ನೋಡಿದಳು. ನಕ್ಷೆಯ ಉಳಿದ ಗಿಡಗಳೆಲ್ಲ ತುಂಬಿದ ಕಪ್ಪು. ಇದೊಂದಕ್ಕೆ ಬರೀ ಹೊರಗೆರೆ. ಬುಡ, ಎರಡು ಕೊಂಬೆ, ಮೇಲೆ ಒಂದು ದುಂಡು. ಒಳಗೆ ಅವಳು ಅಳಿಸಿದ ಬಿಳಿ ಹಾಗೇ ಇತ್ತು.

ಅವಳ ಬಿಳಿಯನ್ನು ಅವನು ಮುಟ್ಟಿರಲಿಲ್ಲ. ಅದರ ಸುತ್ತ ಗೆರೆ ಎಳೆದಿದ್ದ.

"ಅತ್ತಿ," ಎಂದು ಕೂಗಿದಳು. ದನಿ ಏರುಪೇರಾಗಿತ್ತು. ಸಾವಂತ್ರವ್ವ ಹೆದರಿ ಓಡಿ ಬಂದಳು. ಬಂದು ನೋಡಿದರೆ ಸೊಸೆ ಅಳುತ್ತಿದ್ದಳು, ನಗುತ್ತಲೂ ಇದ್ದಳು, ಯಾವುದು ಎಲ್ಲಿಂದ ಎಲ್ಲಿಯವರೆಗೆ ಎಂದು ಗಡಿ ಹಾಕುವಂತಿರಲಿಲ್ಲ.

"ಏನಾತ ಬೇ?"

"ಕನಮಡಿಗೆ ಹೋಗೂವಾಗ ನೀವು ಎಲ್ಲಿ ಹೊಳ್ಳತೀರಿ?"

"ಎಲ್ಲಿ ಅಂದ್ರ? ಬನ್ನಿಗಿಡದ ಹಂತೇಕ. ಮತ್ತೆಲ್ಲಿ ಹೊಳ್ಳಬೇಕು?"

ಸುಧಾರಾಣಿ ಪೆನ್ಸಿಲ್ಲು ತೆಗೆದುಕೊಂಡಳು. ಹೊಲದ ಹತ್ತಿರದ ಹಳ್ಳಕ್ಕೆ ಅಮೋಘಿ ಒಂದೇ ಗೆರೆ ಎಳೆದಿದ್ದ. ಅವಳು ಪಕ್ಕದಲ್ಲಿ ಇನ್ನೊಂದು ಎಳೆದು, ನಡುವೆ ಮಳೆಗಾಲದ ನೀರು ಎಂದು ಸಣ್ಣದಾಗಿ ಬರೆದಳು. ದಾಟುವ ಜಾಗ ಎಂಟು ಕಿಲೋಮೀಟರು ದೂರ ಎಂದೂ ಬರೆದಳು. ಆಮೇಲೆ ಸಂಗುವಿಗೆ ಫೋನು ಹಚ್ಚಿದಳು.

"ಅವರದ ಹಾಕು."

"ಖರೇನ ವೈನಿ?"

"ಖರೇ. ಅಳತಿ ನನ್ನ ಚಿತ್ರದಿಂದ ಸರಿ ಮಾಡಿ ಕೊಡ್ತೇನಿ, ಹಾಸಿಗಿ ಅವರದ. ಇನ್ನೊಂದು. ಸೂಚಿಯೊಳಗ ಒಂದು ಹೊಸ ಗುರುತು ಬರತೈತಿ. ಟೊಳ್ಳ ಗಿಡ."

"ಟೊಳ್ಳ ಗಿಡ? ಅದರ ಮುಂದ ಏನಂತ ಬರೀಲಿ?"

ಅವಳಿಗೆ ಹೊಳೆಯಲಿಲ್ಲ. 'ಹಿಂದೆ ಇದ್ದದ್ದು' ಎಂದರೆ ತಾನು ಪಾಠ ಹೇಳಿದಂತೆ. 'ಈಗ ಇಲ್ಲದ್ದು' ಎಂದರೆ ಮತ್ತೆ ರಬ್ಬರು ಹಿಡಿದಂತೆ. "ಒಂದು ಗೆರಿ ಜಾಗ ಬಿಡು," ಎಂದಳು. "ಸಂಜೀತನ ಹೇಳ್ತೇನಿ."

*

ಅದೇ ಮಧ್ಯಾಹ್ನ ಸುಧಾರಾಣಿ ಹೊರಟಳು. ಟಿಕೋಟಾದಿಂದ ಬಬಲೇಶ್ವರ, ಅಲ್ಲಿಂದ ಟಂಟಂ ರಿಕ್ಷಾ ಹತ್ತಿ ಜೈನಾಪುರ. ಮಳೆ ನಿಂತು ಹೊರಪಾಗಿ ಬಿಸಿಲು ಚೊಕ್ಕ ಬಿದ್ದಿತ್ತು. ಎರಡೂ ಕಡೆ ತೊಗರಿ ಹೂಬಿಟ್ಟಿತ್ತು. ಟಂಟಂನಲ್ಲಿ ಪಕ್ಕ ಕೂತ ಹೆಂಗಸು ಅವಳ ತೊಡೆಯ ಮೇಲಿನ ಕುಟ್ಟಾಣಿ ನೋಡಿ, "ಎಲಿ ಹಾಕ್ತೀಯೇನವ್ವ ಇಷ್ಟ ಸಣ್ಣಾಕಿ?" ಎಂದು ಕೇಳಿದಳು. "ಇಲ್ಲ ಅಕ್ಕಾರ, ಕೊಡಾಕ ಹೊಂಟೇನಿ," ಎಂದಳು ಸುಧಾರಾಣಿ. ಹಾಗೆ ಹೇಳುವಾಗ ತನ್ನ ಕೈ ತನ್ನದೇ ಎನಿಸಿತು.

ಶಂಕ್ರೆವ್ವ ಗುಡಿಕಟ್ಟೆಯ ಮೇಲೆ ಅದೇ ಜಾಗದಲ್ಲಿದ್ದಳು. ಸೊಂಟದಲ್ಲಿ ಕಡ್ಡಿ.

"ನಿಕ್ಕಿ ಆತೇನ?" ಬಂದೆಯಾ, ಕೂತುಕೋ ಎಂಬುದೇನೂ ಇಲ್ಲ.

"ಆತು ಆಯಿ."

"ತೋರ್ಸು. ಹಂಗ ಬಾಯಿಲೆ ಹೇಳಿದ್ರ ನಾ ನಂಬಂಗಿಲ್ಲ."

ಸುಧಾರಾಣಿ ಕಟ್ಟೆಯ ಮೇಲೆ ನಕ್ಷೆ ಹಾಸಿದಳು. ಒಂದು ಮೂಲೆಗೆ ಕಲ್ಲು, ಒಂದಕ್ಕೆ ತನ್ನ ಚಪ್ಪಲಿ, ಒಂದಕ್ಕೆ ಶಂಕ್ರೆವ್ವನ ತಂಬಿಗೆ, ಇನ್ನೊಂದಕ್ಕೆ ಕುಟ್ಟಾಣಿ. ಶಂಕ್ರೆವ್ವ ಬಗ್ಗಿ, ಬೆರಳಿನಿಂದ ದಾರಿ ಹಿಡಿದು ಬಬಲೇಶ್ವರದಿಂದ ಟಿಕೋಟಾಕ್ಕೆ ಹೋದಳು, ಅಲ್ಲಿಂದ ಕನಮಡಿಯ ದಾರಿಗೆ. ಬೆರಳು ನಿಂತಿತು.

"ಇದ್ಯಾಕ ಟೊಳ್ಳ ಐತಿ?"

"ಬನ್ನಿಗಿಡ ಆಯಿ. ಬಿದ್ದೈತಲ್ಲ."

"ಬಿದ್ದರ ಬೀಳವಲ್ದ್ಯಾಕ. ಹೊಳ್ಳೂದು ಇಲ್ಲೇ ಹೊಳ್ಳಬೇಕು." ಬೆರಳು ಎಡಕ್ಕೆ ತಿರುಗಿ ಹೊಲ ಮುಟ್ಟಿತು.

ಸುಧಾರಾಣಿ ಪೆನ್ಸಿಲ್ಲು ತೆಗೆದು ಹಾಳೆಯ ಕೆಳಗಿನ ಸೂಚಿಯಲ್ಲಿ ಒಂದು ಟೊಳ್ಳು ಗಿಡ ಬರೆದಳು. ಅದರ ಮುಂದೆ ಬರೆದಳು: ಇಲ್ಲೇ ಹೊಳ್ಳಬೇಕು.

"ಹಂಗಾದ್ರ ನಮ್ಮೂರದೂ ಹಾಕು," ಎಂದಳು ಶಂಕ್ರೆವ್ವ, ಚುರುಕಾಗಿ. "ನಮ್ಮೂರಾಗೇನ ಬಿದ್ದಿಲ್ಲೇನ? ಇಲ್ಲಿ ಕಾಸಿಮಸಾಬನ ಗಾಣ ಇತ್ತು. ಈಗೂ ಗಾಣದ ಓಣಿನ ಅಂತೇವಿ. ಇಲ್ಲಿ ಹುಣಸಿಗಿಡ. ಇಲ್ಲಿ ಸಿಹಿಬಾವಿ, ಮುಚ್ಯಾರ ಅದನ್ನ. ಬರಿ, ಬರಿ. ಯಾಕ ನಿಂತಿ?"

"ಬರೀತೇನಿ ಆಯಿ. ಮೊದಲ ಇದನ್ನ ಹಿಡೀರಿ."

ಅವಳು ನಾಲ್ಕನೆಯ ಮೂಲೆಯಿಂದ ಕುಟ್ಟಾಣಿ ಎತ್ತಿ, ಸೆರಗಿನಿಂದ ಒಳಗೆ ಹೊರಗೆ ಒರೆಸಿ, ಎರಡೂ ಕೈಯಲ್ಲಿ ಕೊಟ್ಟಳು. ಶಂಕ್ರೆವ್ವ ಅದನ್ನು ತಿರುಗಿಸಿ ನೋಡಿದಳು, ತಳ ತಟ್ಟಿದಳು, ಕಿವಿಗೂ ಹಿಡಿದಳು. ಆಮೇಲೆ ಚೀಲ ಬಿಚ್ಚಿ ಒಂದು ಎಲೆ, ಅರ್ಧ ಅಡಿಕೆ, ಸುಣ್ಣ ತೆಗೆದು ಒಳಗೆ ಹಾಕಿದಳು.

ಗಾಳಿ ಬಂತು. ಭಾರ ಕಳೆದುಕೊಂಡ ಮೂಲೆ ಪಟಪಟ ಎಂದು ಮೇಲೆದ್ದು ಟೊಳ್ಳು ಗಿಡದವರೆಗೂ ಮಡಚಿಕೊಂಡಿತು. ಶಂಕ್ರೆವ್ವ ನೋಡದೆಯೇ ಬಲಗಾಲು ಚಾಚಿ, ಬಿರುಕು ಬಿಟ್ಟ ಹಿಮ್ಮಡಿಯನ್ನು ಆ ಮೂಲೆಯ ಮೇಲೆ ಊರಿ, ಸೊಂಟದ ಕಡ್ಡಿ ತೆಗೆದು ಕುಟ್ಟತೊಡಗಿದಳು. ಟಣ್, ಟಣ್, ಟಣ್. ಒಂದೊಂದು ಏಟಿಗೂ ಕಟ್ಟೆ ಅದುರಿ, ಸಿಹಿಬಾವಿ ಬರೆಯುತ್ತಿದ್ದ ಸುಧಾರಾಣಿಯ ಪೆನ್ಸಿಲ್ಲಿನ ಗೆರೆ ಒಂದಿಷ್ಟು ಅಡ್ಡಾದಿಡ್ಡಿಯಾಗುತ್ತಿತ್ತು. ಅವಳು ಅಳಿಸಲಿಲ್ಲ.